ಅರಸೀಕೆರೆ–ಬೇಲೂರು ಸೀಮೆಯ ಹಿಂಗಾರು ಮಳೆ

ಅರಸೀಕೆರೆ–ಬೇಲೂರು ಸೀಮೆಯ ಹಿಂಗಾರು ಮಳೆ ಎಂದರೆ ಕರ್ನಾಟಕದ ಹಾಸನ ಜಿಲ್ಲೆಯ ಅರಸೀಕೆರೆ ಮತ್ತು ಬೇಲೂರು ತಾಲ್ಲೂಕುಗಳಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬೀಳುವ ಮಳೆ. ಹಳೇಬೀಡು ಬೇಲೂರು ತಾಲ್ಲೂಕಿನ ಒಂದು ಹೋಬಳಿಯಾಗಿದ್ದು, ಮಳೆಯ ದೃಷ್ಟಿಯಿಂದ ಎರಡೂ ತಾಲ್ಲೂಕುಗಳ ನಡುವಣ ಸ್ಥಿತಿಯಲ್ಲಿದೆ. ಋತುವಿನ ಆರಂಭದಲ್ಲಿ ಸಂಜೆಯ ಗುಡುಗುಮಳೆಯೂ, ನವೆಂಬರ್‌ ಮತ್ತು ಡಿಸೆಂಬರ್‌ಗಳಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಹಾಗೂ ಚಂಡಮಾರುತಗಳಿಂದ ಬರುವ ಮಳೆಯೂ ಇದರಲ್ಲಿ ಸೇರುತ್ತವೆ. ಕೊಲ್ಲಿಯಲ್ಲಿ ಎದ್ದ ಬಿರುಗಾಳಿ ಯಾವ ದಾರಿ ಹಿಡಿಯುತ್ತದೆ ಎಂಬುದರ ಮೇಲೆ ಇಲ್ಲಿ ಮಳೆಯಾಗುವುದೋ ಇಲ್ಲವೋ ಎಂಬುದು ನಿರ್ಧಾರವಾಗುತ್ತದೆ. ರಾಗಿಯ ಕೊಯ್ಲು ಮತ್ತು ಕಾಫಿಯ ಕೊಯ್ಲು ಇದೇ ಕಾಲಕ್ಕೆ ಬರುವುದರಿಂದ, ಸಾವಿರಾರು ಮನೆಗಳ ವರ್ಷದ ದುಡಿಮೆ ಈ ದಾರಿಯನ್ನು ಅವಲಂಬಿಸಿರುತ್ತದೆ.

ಹೆಸರು ಮತ್ತು ಕಾಲ

'ಕಾರ್' ಎಂಬ ಹಳೆಯ ಪದಕ್ಕೆ ಮಳೆಗಾಲ, ಕಪ್ಪು ಮೋಡ ಎಂಬ ಅರ್ಥಗಳಿವೆ. ಮೊದಲು ಬರುವ ಕಾರು ಮುಂಗಾರು, ಹಿಂದಿನಿಂದ ಬರುವ ಕಾರು ಹಿಂಗಾರು. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನದು ನೈಋತ್ಯ ಮಾರುತದ ಕಾಲ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನದು ಈಶಾನ್ಯ ಮಾರುತದ ಕಾಲ. ರೈತರ ಲೆಕ್ಕ ಇದಕ್ಕಿಂತ ಸೂಕ್ಷ್ಮವಾದದ್ದು. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಇರುವ ಸುಮಾರು 13–14 ದಿನಗಳಿಗೆ ಒಂದೊಂದು ಮಳೆಯ ಹೆಸರಿದೆ. ಅಕ್ಟೋಬರ್ 10ರ ಸುಮಾರಿಗೆ ಚಿತ್ತೆ, 24ರ ಸುಮಾರಿಗೆ ಸ್ವಾತಿ, ನವೆಂಬರ್ 6ರ ಸುಮಾರಿಗೆ ವಿಶಾಖೆ, 19ರ ಸುಮಾರಿಗೆ ಅನೂರಾಧ ಮಳೆಗಳು ಹುಟ್ಟುತ್ತವೆ. ಡಿಸೆಂಬರ್ ಮೊದಲ ವಾರದಲ್ಲಿ ಜ್ಯೇಷ್ಠಾ ನಕ್ಷತ್ರ ಬರುವ ಹೊತ್ತಿಗೆ ಮಳೆಯ ಲೆಕ್ಕವನ್ನು ಬಹುಮಟ್ಟಿಗೆ ಕೈಬಿಡಲಾಗುತ್ತದೆ. ಆ ಬಳಿಕ ಬಿದ್ದದ್ದು ಅಕಾಲ ಮಳೆ ಎನಿಸಿಕೊಳ್ಳುತ್ತದೆ. ಹವಾಮಾನ ಶಾಸ್ತ್ರದ ಪ್ರಕಾರ ಡಿಸೆಂಬರ್‌ನಲ್ಲಿ ಮಳೆ ಬೀಳುವುದು ಅಕಾಲವೇನೂ ಅಲ್ಲ. ಕೊಯ್ಲಿಗೆ ಅಡ್ಡ ಬರುವುದರಿಂದ ಅದಕ್ಕೆ ಆ ಹೆಸರು ಅಂಟಿಕೊಂಡಿದೆ.

ಇದೇ ಚಳಿಗಾಲದ ಆಕಾಶವನ್ನು ಮುಂದಿನ ವರ್ಷದ ಮಳೆಗಾಗಿ ಓದುವ ಪದ್ಧತಿಯೂ ಹಳೆಯದು. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಮೋಡಗಳು ಗರ್ಭ ಕಟ್ಟುವ ವಿಚಾರವಿದೆ. ಮಾರ್ಗಶಿರ ಮಾಸದಿಂದ ಮೊದಲಾಗಿ ಕಾಣುವ ಮೋಡ, ಗಾಳಿ, ಮಂಜುಗಳ ಲಕ್ಷಣಗಳಿಂದ ಗರ್ಭವನ್ನು ಗುರುತಿಸಿ, 195 ದಿನಗಳ ನಂತರ ಅದು ಮಳೆಯಾಗಿ ಪ್ರಸವಿಸುತ್ತದೆ ಎಂದು ಅಲ್ಲಿ ಹೇಳಿದೆ. ಧನುರ್ಮಾಸದಲ್ಲಿ ಮೋಡ ಕವಿದರೆ 'ಮಳೆ ಗರ್ಭ ಕಟ್ಟಿತು' ಎನ್ನುವ ಮಾತು ಈ ಭಾಗದ ಹಿರಿಯರಲ್ಲಿ ಇಂದಿಗೂ ಕೇಳಿಬರುತ್ತದೆ. ಇದಕ್ಕೆ ಆಧುನಿಕ ವಿಜ್ಞಾನದ ಸಮರ್ಥನೆ ಇಲ್ಲ. ಆದರೆ ದಿನದಿನದ ಆಕಾಶವನ್ನು ಗಮನಿಸಿ ನೆನಪಿಡುವ ಶಿಸ್ತನ್ನು ಅದು ಬೆಳೆಸಿತ್ತು.

ಭೂಸ್ಥಿತಿ

ಈ ಸೀಮೆ ಪಶ್ಚಿಮ ಘಟ್ಟಗಳ ಪೂರ್ವಕ್ಕೆ, ಮಲೆನಾಡು ಮುಗಿದು ಬಯಲುಸೀಮೆ ತೊಡಗುವ ಕಡೆ ಇದೆ. ಪಶ್ಚಿಮದ ತುದಿಯಲ್ಲಿ ಬೇಲೂರು ತಾಲ್ಲೂಕಿನ ಅರೇಹಳ್ಳಿ ಮತ್ತು ಬಿಕ್ಕೋಡು ಹೋಬಳಿಗಳು ಕಾಫಿ, ಮೆಣಸು, ಏಲಕ್ಕಿಗಳ ನಾಡು. ಬೇಲೂರು ಪಟ್ಟಣವನ್ನು ದಾಟಿ ಪೂರ್ವಕ್ಕೆ 16 ಕಿ.ಮೀ. ಬಂದರೆ ಹಳೇಬೀಡು. ಇಲ್ಲಿಗೆ ಮರಗಳ ದಟ್ಟಣೆ ಕಡಿಮೆಯಾಗಿ ಹೊಲಗಳು ತೆರೆದುಕೊಳ್ಳುತ್ತವೆ. ಜಾವಗಲ್ ಮತ್ತು ಬಾಣಾವರಗಳ ಮೇಲೆ ಹಾದು ಅರಸೀಕೆರೆ ತಲುಪುವಷ್ಟರಲ್ಲಿ ತೆಂಗು, ರಾಗಿ, ಹುರುಳಿಗಳ ಒಣನಾಡು ಬಂದಿರುತ್ತದೆ. ಬೇಲೂರಿನಿಂದ ಅರಸೀಕೆರೆಗೆ ನೇರ ಅಳತೆಯಲ್ಲಿ 50 ಕಿ.ಮೀ. ಕೂಡ ಇಲ್ಲ. ಇಷ್ಟು ಕಿರಿದಾದ ಅಂತರದಲ್ಲಿ ಮಳೆಯ ಪ್ರಮಾಣ ಇಷ್ಟು ಬೇಗ ಇಳಿಯುವ ಪ್ರದೇಶಗಳು ರಾಜ್ಯದಲ್ಲಿ ಹೆಚ್ಚಿಲ್ಲ.

ಕರ್ನಾಟಕವನ್ನು ಕೃಷಿಗೆ ಸಂಬಂಧಿಸಿ ವಿಂಗಡಿಸಿರುವ 10 ಹವಾಮಾನ ವಲಯಗಳಲ್ಲಿ ಅರಸೀಕೆರೆ ಮಧ್ಯ ಒಣವಲಯಕ್ಕೂ ಬೇಲೂರು ದಕ್ಷಿಣ ಸಂಕ್ರಮಣ ವಲಯಕ್ಕೂ ಸೇರಿವೆ. ಮೊದಲನೆಯದರ ವಾರ್ಷಿಕ ಮಳೆ ಸುಮಾರು 450ರಿಂದ 720 ಮಿ.ಮೀ., ಎರಡನೆಯದರದು ಸುಮಾರು 610ರಿಂದ 1050 ಮಿ.ಮೀ. ನೈಋತ್ಯ ಮಾರುತದ ಮೋಡಗಳು ಘಟ್ಟದ ಮೇಲೆಯೇ ಬಹುಪಾಲು ನೀರನ್ನು ಸುರಿಸಿ ಬರುವುದರಿಂದ ಅರಸೀಕೆರೆಗೆ ಮುಂಗಾರಿನಲ್ಲಿ ತಂಪುಗಾಳಿ ಮತ್ತು ತುಂತುರು ಹೆಚ್ಚು, ಮಳೆ ಕಡಿಮೆ. ಹೀಗಾಗಿ ವರ್ಷದ ಒಟ್ಟು ಮಳೆಯಲ್ಲಿ ಹಿಂಗಾರಿನ ಪಾಲು ಬೇಲೂರಿಗಿಂತ ಅರಸೀಕೆರೆಗೆ ದೊಡ್ಡದು. ಬೇಲೂರಿನ ಪಶ್ಚಿಮದ ಹೋಬಳಿಗಳು ಹಿಂಗಾರು ಕೈಕೊಟ್ಟರೂ ತಡೆದುಕೊಳ್ಳುತ್ತವೆ. ಅರಸೀಕೆರೆ ತಡೆದುಕೊಳ್ಳುವುದಿಲ್ಲ.

ಭೂಪಟದಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಚೆನ್ನೈ ನಗರವು ಸುಮಾರು 13.1 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಬೇಲೂರು, ಹಳೇಬೀಡು, ಅರಸೀಕೆರೆ ಮೂರೂ 13.1 ಮತ್ತು 13.4 ಡಿಗ್ರಿಗಳ ನಡುವೆಯೇ ಬರುತ್ತವೆ. ಎಂದರೆ ಚೆನ್ನೈ ಬಳಿ ದಡ ಸೇರಿದ ಬಿರುಗಾಳಿ ನೇರವಾಗಿ ಪಶ್ಚಿಮಕ್ಕೆ ಸಾಗಿದರೆ ಈ ಮೂರು ಊರುಗಳ ಮೇಲೆಯೇ ಹಾಯುತ್ತದೆ. ಅರಸೀಕೆರೆಯಿಂದ ಚೆನ್ನೈ ಕರಾವಳಿಗೆ ನೇರ ಅಳತೆಯಲ್ಲಿ ಸುಮಾರು 430 ಕಿ.ಮೀ., ಮಂಗಳೂರು ಕರಾವಳಿಗೆ ಸುಮಾರು 150 ಕಿ.ಮೀ.

ಕೊಲ್ಲಿಯ ಬಿರುಗಾಳಿ ಒಳನಾಡಿಗೆ ಬರುವ ಬಗೆ

ಅಕ್ಟೋಬರ್ ಬಳಿಕ ಉತ್ತರ ಭಾರತದ ಭೂಭಾಗ ತಣಿಯುತ್ತದೆ, ಗಾಳಿಯ ದಿಕ್ಕು ತಿರುಗಿ ಈಶಾನ್ಯದಿಂದ ಬೀಸತೊಡಗುತ್ತದೆ. ಬಂಗಾಳ ಕೊಲ್ಲಿಯ ದಕ್ಷಿಣ ಭಾಗದ ನೀರು ಮಾತ್ರ ಬೆಚ್ಚಗೇ ಇರುತ್ತದೆ. ಅಂಡಮಾನ್ ಸಮುದ್ರದ ಆಸುಪಾಸಿನಲ್ಲಿ ವಾಯುಭಾರ ಕಡಿಮೆಯಾಗಿ, ಸುತ್ತಲಿನ ತೇವದ ಗಾಳಿಯನ್ನು ಸೆಳೆದುಕೊಂಡು ಸುಳಿಯಾಗುತ್ತದೆ. ಗಾಳಿಯ ವೇಗ ಗಂಟೆಗೆ 31ರಿಂದ 49 ಕಿ.ಮೀ. ಇದ್ದರೆ ಅದು ವಾಯುಭಾರ ಕುಸಿತ. 50ರಿಂದ 61 ಕಿ.ಮೀ. ಇದ್ದರೆ ತೀವ್ರ ವಾಯುಭಾರ ಕುಸಿತ. 62 ಕಿ.ಮೀ. ದಾಟಿದರೆ ಚಂಡಮಾರುತ. ಚಂಡಮಾರುತವಾದ ಮೇಲೆಯೇ ಅದಕ್ಕೆ ಹೆಸರು ಸಿಗುವುದು. ಉತ್ತರ ಹಿಂದೂ ಮಹಾಸಾಗರದಲ್ಲಿ ಹೆಸರಿಡುವ ಪದ್ಧತಿ 2004ರಲ್ಲಿ ಆರಂಭವಾಯಿತು. 13 ದೇಶಗಳು ಸೂಚಿಸಿದ 169 ಹೆಸರುಗಳ ಈಗಿನ ಪಟ್ಟಿ ಪ್ರಕಟವಾದದ್ದು 2020ರ ಏಪ್ರಿಲ್‌ನಲ್ಲಿ.

ದಡ ಸೇರಿದ ಕೂಡಲೇ ಬಿರುಗಾಳಿಯ ಬಲ ಕುಗ್ಗುತ್ತದೆ. ಅದಕ್ಕೆ ಶಕ್ತಿ ಕೊಡುತ್ತಿದ್ದ ಬೆಚ್ಚನೆಯ ಸಮುದ್ರ ಹಿಂದೆ ಉಳಿಯುತ್ತದೆ, ನೆಲದ ಉಜ್ಜಾಟ ಗಾಳಿಯನ್ನು ತಡೆಯುತ್ತದೆ. ಹೀಗಾಗಿ ಹಾಸನ ಜಿಲ್ಲೆಗೆ ಬರುವುದು ಚಂಡಮಾರುತವಲ್ಲ, ಅದರ ಉಳಿಕೆ. ಗಾಳಿಯ ಹೊಡೆತ ಇರುವುದಿಲ್ಲ. ಎರಡು ಮೂರು ದಿನ ಬಿಡದೆ ಕವಿದ ಮೋಡ, ಜಿಟಿಜಿಟಿ ಮಳೆ, ಸೂರ್ಯನ ಮುಖವೇ ಕಾಣದ ಚಳಿಯ ಹಗಲು, ಇವಿಷ್ಟು ಅದರ ಲಕ್ಷಣ. ಕೆಲವೊಮ್ಮೆ ಈ ಉಳಿಕೆ ರಾಜ್ಯವನ್ನು ಅಡ್ಡಹಾಯ್ದು ಅರಬ್ಬೀ ಸಮುದ್ರ ಸೇರಿ ಮತ್ತೆ ಬಲಗೊಳ್ಳುತ್ತದೆ. ಅಂಥ ಸಂದರ್ಭದಲ್ಲಿ ಪಶ್ಚಿಮದ ಕಡೆಯಿಂದ ತೇವಾಂಶ ಬಂದು ಬೇಲೂರಿನ ಕಾಫಿ ಹೋಬಳಿಗಳಲ್ಲಿ ಎರಡನೆಯ ಸುತ್ತಿನ ಮಳೆ ಬೀಳಬಹುದು.

ಮಳೆಯ ಹಂಚಿಕೆ ದಾರಿಯನ್ನು ಅವಲಂಬಿಸಿದೆ. ಚೆನ್ನೈ ಮತ್ತು ಪುದುಚೇರಿಗಳ ನಡುವೆ ದಡ ಸೇರಿ ಪಶ್ಚಿಮಕ್ಕೆ ಸಾಗಿದರೆ ಅರಸೀಕೆರೆಗೆ ಒಳ್ಳೆಯ ಮಳೆಯ ಸಾಧ್ಯತೆ. ನೆಲ್ಲೂರಿನಿಂದಾಚೆ, ಆಂಧ್ರದ ಕರಾವಳಿಯತ್ತ ತಿರುಗಿದರೆ ಸುಳಿಯ ಎಡಬದಿಯ ಒಣಗಾಳಿ ಉತ್ತರ ಮತ್ತು ವಾಯವ್ಯದಿಂದ ಈ ಸೀಮೆಗೆ ಬೀಸಿ, ಮೋಡ ಚದುರಿ ಚಳಿ ಹೆಚ್ಚುತ್ತದೆ. ಶ್ರೀಲಂಕೆಯನ್ನು ಬಳಸಿ ಕನ್ಯಾಕುಮಾರಿಯತ್ತ ಹೋದರೆ ಪೂರ್ವದ ಗಾಳಿಯೊಡನೆ ಚದುರಿದ ಮೋಡಗಳು ಬಂದು ಅಲ್ಲಲ್ಲಿ ಹನಿ ಹಾಕಿ ಹೋಗುತ್ತವೆ. ಕೊಲ್ಲಿಯಲ್ಲಿ ಇನ್ನೂರು ಮುನ್ನೂರು ಕಿ.ಮೀ. ಉತ್ತರಕ್ಕೋ ದಕ್ಷಿಣಕ್ಕೋ ಸರಿದರೆ ಸಾಕು, ಅರಸೀಕೆರೆಯ ಹೊಲದಲ್ಲಿ ನೀರು ನಿಲ್ಲುವ ದಿನ ಬಿಸಿಲಿನ ದಿನವಾಗಿ ಬದಲಾಗುತ್ತದೆ.

ದಾರಿಯ ಅನಿಶ್ಚಿತತೆ

ಚಂಡಮಾರುತ ತನ್ನಷ್ಟಕ್ಕೆ ತಾನು ಚಲಿಸುವುದು ಅತ್ಯಲ್ಪ. ಸುತ್ತಲಿನ ವಾತಾವರಣದ ಮೇಲ್ಮಟ್ಟದ ಗಾಳಿಗಳು ಅದನ್ನು ಹೊಳೆಯಲ್ಲಿ ತೇಲುವ ತೆಂಗಿನಕಾಯಿಯಂತೆ ಒಯ್ಯುತ್ತವೆ. ಎರಡು ಗಾಳಿಗಳ ಸೆಳೆತ ಸಮವಾದಾಗ ಅದು ನಿಂತಲ್ಲೇ ನಿಲ್ಲುತ್ತದೆ, ಅಥವಾ ಹಿಂದಕ್ಕೆ ತಿರುಗುತ್ತದೆ. ಉತ್ತರ ಭಾರತದ ಮೇಲೆ ಹಾಯುವ ಪಶ್ಚಿಮದ ಕ್ಷೋಭೆಗಳು, ಹಿಮಾಲಯದಲ್ಲಿ ಹಿಮ ಸುರಿಸುವ ಅವೇ ವ್ಯವಸ್ಥೆಗಳು, ದಕ್ಷಿಣಕ್ಕೆ ಚಾಚಿದರೆ ಕೊಲ್ಲಿಯ ಬಿರುಗಾಳಿಯನ್ನು ಈಶಾನ್ಯದ ಕಡೆಗೆ ಎಳೆದುಕೊಳ್ಳುವುದುಂಟು.

ಭಾರತೀಯ ಹವಾಮಾನ ಇಲಾಖೆ ಬಿರುಗಾಳಿಯ ಮುಂದಿನ ಸ್ಥಾನಗಳನ್ನು ಒಂದು ಗೆರೆಯಿಂದ ತೋರಿಸಿ, ಅದರ ಸುತ್ತ ದಿನ ಕಳೆದಂತೆ ಅಗಲವಾಗುವ ಶಂಕುವಿನಾಕಾರದ ಪ್ರದೇಶವನ್ನೂ ಗುರುತಿಸುತ್ತದೆ. ಒಂದು ದಿನ ಮುಂಚಿನ ಮುನ್ಸೂಚನೆಯಲ್ಲಿ ಸ್ಥಾನದ ತಪ್ಪು ಈಗ ಸರಾಸರಿಯಲ್ಲಿ 100 ಕಿ.ಮೀ.ಗಿಂತ ಕಡಿಮೆ. ಮೂರು, ನಾಲ್ಕು ದಿನ ಮುಂಚೆ ಹೇಳಿದ್ದರಲ್ಲಿ ಅದು ಇನ್ನೂ ದೊಡ್ಡದು. ಜನ ಗೆರೆಯನ್ನು ನೋಡುತ್ತಾರೆ, ಶಂಕುವನ್ನು ನೋಡುವುದಿಲ್ಲ. ಇಲಾಖೆಯ ಮುನ್ಸೂಚನೆ ಸುಳ್ಳಾಯಿತು ಎಂಬ ದೂರುಗಳಲ್ಲಿ ಗಣನೀಯ ಭಾಗ ಈ ತಪ್ಪು ಓದಿನಿಂದ ಹುಟ್ಟಿದ್ದು.

ಗಣಕಯಂತ್ರದ ಮಾದರಿಗಳು ಈಗಿನ ವಾತಾವರಣದ ಅಳತೆಗಳಿಂದ ಹೊರಟು ಮುಂದಿನ ಸ್ಥಿತಿಯನ್ನು ಲೆಕ್ಕ ಹಾಕುತ್ತವೆ. ಆರಂಭದ ಅಳತೆಯಲ್ಲಿನ ಅತಿ ಸಣ್ಣ ವ್ಯತ್ಯಾಸ ದಿನಗಳು ಕಳೆದಂತೆ ದೊಡ್ಡದಾಗುತ್ತದೆ ಎಂಬುದನ್ನು ಅಮೆರಿಕದ ಎಡ್ವರ್ಡ್ ಲೊರೆಂಜ್ 1963ರಲ್ಲಿ ತೋರಿಸಿದರು. ಕೊಲ್ಲಿಯ ನಡುಭಾಗದಲ್ಲಿ ಅಳತೆಯ ಕೇಂದ್ರಗಳು ವಿರಳವಾದ್ದರಿಂದ ಈ ತೊಂದರೆ ಹೆಚ್ಚು. ಇದನ್ನು ನಿಭಾಯಿಸಲು ಒಂದೇ ಮಾದರಿಯನ್ನು ಸ್ವಲ್ಪ ಸ್ವಲ್ಪ ಬದಲಿಸಿದ ಆರಂಭದ ಸ್ಥಿತಿಗಳಿಂದ ಹಲವು ಬಾರಿ ಓಡಿಸಲಾಗುತ್ತದೆ. ಎಲ್ಲ ಗೆರೆಗಳೂ ಒಟ್ಟಿಗೆ ಸಾಗಿದರೆ ಭರವಸೆ ಹೆಚ್ಚು, ಬೀಸಣಿಗೆಯಂತೆ ಹರಡಿದರೆ ಕಡಿಮೆ. ಇನ್ಸಾಟ್-3ಡಿಆರ್ ಮತ್ತು 2024ರ ಫೆಬ್ರವರಿ 17ರಂದು ಹಾರಿಸಿದ ಇನ್ಸಾಟ್-3ಡಿಎಸ್ ಉಪಗ್ರಹಗಳು ಸಮುದ್ರದ ಮೇಲಿನ ಮಾಹಿತಿಯ ಕೊರತೆಯನ್ನು ಒಂದು ಮಟ್ಟಿಗೆ ತುಂಬಿವೆ. 2025ರ ಮೇ 26ರಂದು ಬಳಕೆಗೆ ಬಂದ 'ಭಾರತ್ ಮುನ್ಸೂಚನಾ ವ್ಯವಸ್ಥೆ' 6 ಕಿ.ಮೀ. ಅಂತರದ ಜಾಲದಲ್ಲಿ ಲೆಕ್ಕ ಹಾಕುತ್ತದೆ. ಬೇಲೂರಿಗೂ ಹಳೇಬೀಡಿಗೂ ನಡುವೆ ಅಂಥ ಎರಡು ಬಿಂದುಗಳು ಬಂದಂತಾಯಿತು.

ನಿದರ್ಶನಗಳು

2013ರ ಡಿಸೆಂಬರ್‌ನ 'ಮಾದಿ' ಚಂಡಮಾರುತ ದಾರಿ ತಪ್ಪಿಸುವುದಕ್ಕೆ ಹೆಸರಾದದ್ದು. ಅದು ಕೊಲ್ಲಿಯಲ್ಲಿ ಉತ್ತರಾಭಿಮುಖವಾಗಿ ಸಾಗಿ, ಒಮ್ಮೆಲೇ ನೈಋತ್ಯಕ್ಕೆ ತಿರುಗಿ, ಬಲಗುಂದುತ್ತ ಬಂದು ಡಿಸೆಂಬರ್ 12ರಂದು ವೇದಾರಣ್ಯಂ ಬಳಿ ಬರಿಯ ವಾಯುಭಾರ ಕುಸಿತವಾಗಿ ದಡ ಸೇರಿತು. 2020ರ ಡಿಸೆಂಬರ್‌ನಲ್ಲಿ 'ಬುರೇವಿ' ಶ್ರೀಲಂಕೆಯನ್ನು ದಾಟಿ ಮನ್ನಾರ್ ಕೊಲ್ಲಿಗೆ ಬಂದು, ರಾಮನಾಥಪುರದ ಬಳಿ ಸಮುದ್ರದಲ್ಲೇ ನಿಂತು ಕರಗಿಹೋಯಿತು. ಅದಕ್ಕೆ ಒಂದು ವಾರ ಮೊದಲು 'ನಿವಾರ್' ಪುದುಚೇರಿಯ ಬಳಿ ನೇರವಾಗಿ ದಡ ಸೇರಿತ್ತು.

2021ರ ನವೆಂಬರ್‌ನಲ್ಲಿ ಹೆಸರು ಪಡೆದ ಚಂಡಮಾರುತ ಯಾವುದೂ ಈ ಕಡೆ ಬರಲಿಲ್ಲ. 11ರಂದು ಚೆನ್ನೈ ಬಳಿ ಒಂದು, 19ರಂದು ಪುದುಚೇರಿ ಮತ್ತು ಚೆನ್ನೈಗಳ ನಡುವೆ ಇನ್ನೊಂದು ವಾಯುಭಾರ ಕುಸಿತ ದಡ ಸೇರಿದವು, ಅಷ್ಟೆ. ಆದರೂ ಆ ವರ್ಷ ದಕ್ಷಿಣ ಪರ್ಯಾಯ ದ್ವೀಪದ ಹಿಂಗಾರು ಮಳೆ ವಾಡಿಕೆಯ ಶೇ. 171ರಷ್ಟಾಗಿ, 1901ರ ನಂತರದ ಅತಿ ಹೆಚ್ಚಿನ ಪ್ರಮಾಣವೆಂದು ದಾಖಲಾಯಿತು. ದಕ್ಷಿಣ ಒಳನಾಡಿನಲ್ಲಿ ಕೊಯ್ಲಿಗೆ ನಿಂತ ರಾಗಿ ಮತ್ತು ಮಲೆನಾಡಿನ ಕಾಫಿ ಎರಡೂ ಹಾಳಾದವು. ಬಿರುಗಾಳಿಗೆ ಹೆಸರಿದೆಯೇ ಇಲ್ಲವೇ ಎಂಬುದರಿಂದ ಮಳೆಯ ಪ್ರಮಾಣವನ್ನು ಅಳೆಯಲಾಗದು ಎನ್ನುವುದಕ್ಕೆ ಈ ವರ್ಷ ಸಾಕ್ಷಿ. ಆ ವರ್ಷ ಪೆಸಿಫಿಕ್ ಸಾಗರದಲ್ಲಿ ಲಾ ನಿನಾ ಸ್ಥಿತಿ ಇತ್ತು ಎಂಬುದೂ ಗಮನಾರ್ಹ. ಸಾಮಾನ್ಯವಾಗಿ ಎಲ್ ನಿನೊ ವರ್ಷಗಳಲ್ಲಿ ಹಿಂಗಾರು ಚೆನ್ನಾಗಿಯೂ ಲಾ ನಿನಾ ವರ್ಷಗಳಲ್ಲಿ ದುರ್ಬಲವಾಗಿಯೂ ಇರುತ್ತದೆಂದು ಎಣಿಸಲಾಗುತ್ತದೆ.

2022ರ ಡಿಸೆಂಬರ್ 9ರ ರಾತ್ರಿ ಮಾಮಲ್ಲಪುರಂ ಬಳಿ ದಡ ಸೇರಿದ 'ಮಾಂಡೂಸ್'ನ ಉಳಿಕೆ ದಕ್ಷಿಣ ಕರ್ನಾಟಕದ ಮೇಲೆ ಹಾಯ್ದು ಹಲವು ದಿನ ಮೋಡ, ತುಂತುರು ಮತ್ತು ಹಗಲಿನ ಚಳಿಯನ್ನು ತಂದಿತು. ಮರುವರ್ಷ 'ಮಿಚಾಂಗ್' ಚೆನ್ನೈಯನ್ನು ನೀರಿನಲ್ಲಿ ಮುಳುಗಿಸಿ, ದಡ ಸೇರದೆ ಉತ್ತರಕ್ಕೆ ಸರಿದು, ಡಿಸೆಂಬರ್ 5ರಂದು ಆಂಧ್ರದ ಬಾಪಟ್ಲದ ಬಳಿ ನೆಲ ಮುಟ್ಟಿತು. 2023 ಕರ್ನಾಟಕಕ್ಕೆ ಬರಗಾಲದ ವರ್ಷ. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾಗಿದ್ದವು. ಒಣಗಿದ ಕೆರೆಗಳ ನಾಡಿನಿಂದ ನಾನೂರು ಚಿಲ್ಲರೆ ಕಿ.ಮೀ. ದೂರದಲ್ಲಿ ಒಂದು ಮಹಾನಗರ ನೀರಿನಲ್ಲಿ ನಿಂತಿತ್ತು.

'ಫೆಂಗಲ್'ನ ಉದಾಹರಣೆ ಮುನ್ಸೂಚನೆಯ ಕಷ್ಟವನ್ನು ಚೆನ್ನಾಗಿ ತಿಳಿಸುತ್ತದೆ. 2024ರ ನವೆಂಬರ್ ಕೊನೆಯ ವಾರದಲ್ಲಿ ಈ ವ್ಯವಸ್ಥೆ ಶ್ರೀಲಂಕೆಯ ಪೂರ್ವ ಕರಾವಳಿಯ ಬಳಿ ಬಹಳ ನಿಧಾನವಾಗಿ ಚಲಿಸಿತು. ಅದು ಚಂಡಮಾರುತವಾಗಿ ಉಳಿಯದೆ ದುರ್ಬಲವಾಗಿ ದಡ ಸೇರಬಹುದೆಂದು ಒಂದು ಹಂತದಲ್ಲಿ ಭಾವಿಸಲಾಗಿತ್ತು. 29ರಂದು ಮುನ್ಸೂಚನೆ ಬದಲಾಯಿತು. 30ರ ರಾತ್ರಿ ಚಂಡಮಾರುತವಾಗಿಯೇ ಪುದುಚೇರಿಯ ಬಳಿ ದಡ ಮುಟ್ಟಿ, ಗಂಟೆಗಟ್ಟಲೆ ಅಲ್ಲೇ ನಿಂತು ಆ ಊರಿಗೆ ಒಂದು ದಿನದಲ್ಲಿ ಸುಮಾರು 48 ಸೆಂ.ಮೀ. ಮಳೆ ಸುರಿಸಿತು. ಬಳಿಕ ಒಳನಾಡಿನತ್ತ ಹೊರಟು ಕೃಷ್ಣಗಿರಿ ಜಿಲ್ಲೆಯ ಊತಂಗರೈಯಲ್ಲಿ ಸುಮಾರು 50 ಸೆಂ.ಮೀ. ಸುರಿಸಿ, ಡಿಸೆಂಬರ್ ಮೊದಲ ದಿನಗಳಲ್ಲಿ ಕರ್ನಾಟಕದ ದಕ್ಷಿಣ ಭಾಗವನ್ನು ತೋಯಿಸುತ್ತ ಅರಬ್ಬೀ ಸಮುದ್ರದತ್ತ ಸಾಗಿತು. ರಾಗಿ ಕೊಯ್ಯಬೇಕೋ ಬೇಡವೋ ಎಂದು ಕಾಯುತ್ತಿದ್ದವರಿಗೆ ದೊರೆತ ಅವಕಾಶ ಎರಡು ಮೂರು ದಿನ ಮಾತ್ರ.

ಬೆಳೆಗಳ ಮೇಲೆ ಪರಿಣಾಮ

ಅರಸೀಕೆರೆ ತಾಲ್ಲೂಕಿನಲ್ಲೂ ಹಳೇಬೀಡು, ಮಾದಿಹಳ್ಳಿ ಹೋಬಳಿಗಳಲ್ಲೂ ಮಳೆಯಾಶ್ರಿತ ರಾಗಿ ಮುಖ್ಯ ಆಹಾರ ಬೆಳೆ. ಜುಲೈ, ಆಗಸ್ಟ್‌ಗಳಲ್ಲಿ ಬಿತ್ತಿದ ರಾಗಿ ತೆನೆ ಕಟ್ಟುವಾಗ, ಎಂದರೆ ಚಿತ್ತೆ ಮತ್ತು ಸ್ವಾತಿಯ ಹೊತ್ತಿಗೆ, ಒಂದು ಹದಮಳೆ ಬೇಕು. ಅದೇ ಮಳೆ ಮೂರು ವಾರ ತಡವಾಗಿ ಬಂದರೆ ಬೇಡ. ಮಾಗಿದ ತೆನೆ ನೆನೆದು ಭಾರವಾಗಿ ಪೈರು ನೆಲಕ್ಕೆ ಒರಗುತ್ತದೆ. ನಾಲ್ಕು ದಿನ ಒದ್ದೆಯಲ್ಲಿ ಬಿದ್ದರೆ ಕಾಳು ತೆನೆಯಲ್ಲೇ ಮೊಳಕೆಯೊಡೆಯುತ್ತದೆ. ಬಣ್ಣ ಕಪ್ಪಿಟ್ಟ ರಾಗಿಗೆ ಬೆಲೆ ಇಳಿಯುತ್ತದೆ. ಹುಲ್ಲು ಕೊಳೆತರೆ ದನಕರುಗಳಿಗೆ ಬೇಸಿಗೆಯ ಮೇವಿಲ್ಲ. ಎಷ್ಟೋ ಮನೆಗಳಿಗೆ ಕಾಳಿನ ನಷ್ಟಕ್ಕಿಂತ ಹುಲ್ಲಿನ ನಷ್ಟವೇ ಭಾರ.

ಹೀಗಾಗಿ ನವೆಂಬರ್ ನಡುವಿನಲ್ಲಿ ರೈತ ಮಾಡುವ ನಿರ್ಧಾರ ಸರಳವಲ್ಲ. ಕೊಯ್ದು ಹೊಲದಲ್ಲೇ ಒಣಗಲು ಬಿಟ್ಟ ರಾಗಿ ಮಳೆಗೆ ಸಿಕ್ಕರೆ ನಿಂತ ರಾಗಿಗಿಂತ ಬೇಗ ಕೆಡುತ್ತದೆ. ಕೊಯ್ಯದೆ ಬಿಟ್ಟರೆ ಮಲಗುತ್ತದೆ. ಕೊಯ್ದು ಕಂತೆ ಕಟ್ಟಿ ಮೆದೆ ಹಾಕಲು ಕನಿಷ್ಠ ಐದಾರು ದಿನದ ಬಿಸಿಲು ಬೇಕು. ಹಸಿ ಹುಲ್ಲನ್ನು ಮೆದೆ ಹಾಕಿದರೆ ಒಳಗೇ ಬಿಸಿಯೇರಿ ಮುಗ್ಗುತ್ತದೆ. ಕೊಯ್ಲು ಯಂತ್ರವನ್ನು ತರಿಸಿದರೆ ಒಂದೆರಡು ದಿನದಲ್ಲಿ ಕೆಲಸ ಮುಗಿಯುತ್ತದೆ, ಆದರೆ ನೆಲ ಒದ್ದೆಯಾದರೆ ಯಂತ್ರ ಹೊಲಕ್ಕೆ ಇಳಿಯುವುದಿಲ್ಲ, ಹುಲ್ಲೂ ಸರಿಯಾಗಿ ಸಿಗುವುದಿಲ್ಲ. ಸುಮಾರು 110ರಿಂದ 115 ದಿನಗಳಲ್ಲಿ ಮಾಗುವ ಜಿಪಿಯು-28ರಂಥ ತಳಿಗಳು ಬಂದ ಮೇಲೆ ಬಿತ್ತನೆಯ ದಿನವನ್ನು ಹೊಂದಿಸಿಕೊಂಡು ಈ ಗಂಡಾಂತರವನ್ನು ಕೊಂಚ ತಪ್ಪಿಸಿಕೊಳ್ಳಬಹುದಾಗಿದೆ. ಮುಂಗಾರು ತಡವಾದ ವರ್ಷಗಳಲ್ಲಿ ಆ ಆಯ್ಕೆಯೂ ಇರುವುದಿಲ್ಲ.

ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ, ಕೊಯ್ದು ಹೊಲದಲ್ಲಿ ಒಣಗಲು ಹರಡಿದ ಬೆಳೆಗೆ ಕೊಯ್ಲಿನಿಂದ 14 ದಿನಗಳವರೆಗೆ ಚಂಡಮಾರುತದ ಮಳೆ, ಅಕಾಲ ಮಳೆ ಮತ್ತು ಆಲಿಕಲ್ಲಿನಿಂದಾಗುವ ನಷ್ಟಕ್ಕೆ ರಕ್ಷಣೆ ಇದೆ. ನಷ್ಟವಾದ 72 ಗಂಟೆಗಳೊಳಗೆ ತಿಳಿಸಬೇಕೆಂಬುದು ನಿಯಮ. ಈ ನಿಯಮ ತಿಳಿಯದೆ ಪರಿಹಾರ ಕಳೆದುಕೊಳ್ಳುವವರಿದ್ದಾರೆ.

ಅರೇಹಳ್ಳಿ, ಬಿಕ್ಕೋಡು ಕಡೆ ಅರೇಬಿಕಾ ಕಾಫಿಯ ಕೊಯ್ಲು ನವೆಂಬರ್‌ನಿಂದ ಜನವರಿವರೆಗೆ ನಡೆಯುತ್ತದೆ. ರೊಬಸ್ಟಾದ್ದು ಅದರ ಬೆನ್ನಿಗೆ. ಹಣ್ಣಾದ ಕಾಫಿ ಮಳೆಗೆ ಬಿರಿದು ಉದುರುತ್ತದೆ. ಕೊಯ್ದದ್ದನ್ನು ಕಣದಲ್ಲಿ ಹರಡಿ ತೇವಾಂಶ ಶೇ. 11ರ ಆಸುಪಾಸಿಗೆ ಇಳಿಯುವವರೆಗೆ ಒಣಗಿಸಬೇಕು. ಮೋಡ ಕವಿದ ಒಂದು ವಾರದಲ್ಲಿ ಟಾರ್ಪಾಲು ಹೊದೆಸುವುದು, ತೆಗೆಯುವುದು, ಮತ್ತೆ ಹೊದೆಸುವುದೇ ಕೆಲಸ. ಬೂಷ್ಟು ಹಿಡಿದರೆ ಕಾಫಿಯ ರುಚಿಯೇ ಕೆಡುತ್ತದೆ. ಡಿಸೆಂಬರ್, ಜನವರಿಯ ಮಳೆಗೆ ಇನ್ನೊಂದು ಪರಿಣಾಮವೂ ಇದೆ: ಬೇಸಿಗೆಯ ಹೂಮಳೆಗಾಗಿ ಕಾಯುತ್ತಿರುವ ಮೊಗ್ಗುಗಳು ಅಕಾಲದಲ್ಲಿ ಅರಳಿ, ಗಿಡದಲ್ಲಿ ಹಣ್ಣು ಮತ್ತು ಹೂ ಒಟ್ಟಿಗೆ ನಿಲ್ಲುತ್ತವೆ. ಮುಂದಿನ ವರ್ಷದ ಫಸಲು ಹಂತಹಂತವಾಗಿ ಮಾಗಿ ಕೊಯ್ಲಿನ ಖರ್ಚು ಏರುತ್ತದೆ.

ತೆಂಗಿಗೆ ಮಾತ್ರ ಹಿಂಗಾರು ಎಷ್ಟು ಬಂದರೂ ಒಳ್ಳೆಯದೇ. ಅರಸೀಕೆರೆ, ನೆರೆಯ ತಿಪಟೂರಿನಂತೆ, ಉಂಡೆ ಕೊಬ್ಬರಿಯ ಪ್ರಮುಖ ಮಾರುಕಟ್ಟೆ. ಬೇಸಿಗೆಯನ್ನು ತೆಂಗು ದಾಟುವುದು ಹಿಂಗಾರು ಬಿಟ್ಟುಹೋದ ತೇವದಿಂದ. ಅಟ್ಟದ ಮೇಲೆ ಎಂಟರಿಂದ ಹನ್ನೆರಡು ತಿಂಗಳು ಒಣಗುವ ಕಾಯಿಗೆ ಮಳೆಯ ನೇರ ಹೊಡೆತವೂ ಇಲ್ಲ. ಹುರುಳಿ, ಕಡಲೆಗಳಿಗೆ ಸ್ವಾತಿಯ ಹದ ಸಾಕು. ಅವರೆಗೆ ಮಳೆಗಿಂತ ಇಬ್ಬನಿ ಮುಖ್ಯ. ಚಳಿ ಬಿದ್ದು ಇಬ್ಬನಿ ಇಳಿದ ಮೇಲೆಯೇ ಅವರೆಕಾಯಿಗೆ ಸೊಗಡು ಬರುವುದೆಂದು ಜನರ ನಂಬಿಕೆ.

ಕೆರೆಗಳು

ಅರಸಿ ಕಟ್ಟಿಸಿದ ಕೆರೆ ಎಂಬುದರಿಂದ ಅರಸೀಕೆರೆಗೆ ಆ ಹೆಸರು ಬಂದಿತೆಂದು ಪ್ರತೀತಿ. ಹಳೇಬೀಡಿನ ಹಳೆಯ ಹೆಸರಾದ ದೋರಸಮುದ್ರದಲ್ಲೂ ನೀರೇ ಇದೆ. ಹೊಯ್ಸಳರ ರಾಜಧಾನಿ ಬೆಳೆದದ್ದು ಈ ಕೆರೆಯ ದಂಡೆಯಲ್ಲಿ. 2023ರಲ್ಲಿ ಬೇಲೂರಿನ ಚೆನ್ನಕೇಶವ, ಹಳೇಬೀಡಿನ ಹೊಯ್ಸಳೇಶ್ವರ ಮತ್ತು ಸೋಮನಾಥಪುರದ ಕೇಶವ ದೇವಾಲಯಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಪ್ರವಾಸಿಗರು ಹೆಚ್ಚಾದರು. ಕಲ್ಲಿನ ಕೆತ್ತನೆ ನೋಡಿದವರು ಪಕ್ಕದ ಕೆರೆಯನ್ನೂ ಅದೇ ಕಾಲದ ಸಾಧನೆಯೆಂದು ನೋಡುವುದು ಅಪರೂಪ.

ಬಯಲಿನ ಕೆರೆಗಳು ಮುಂಗಾರಿನ ತುಂತುರಿಗೆ ತುಂಬುವುದಿಲ್ಲ. ಅಕ್ಟೋಬರ್, ನವೆಂಬರ್‌ಗಳ ಒಂದೆರಡು ಜೋರು ಮಳೆಗೆ ಹಳ್ಳ ಹರಿದು ಕೋಡಿ ಬೀಳಬೇಕು. ಹಿಂಗಾರಿನ ಬಿರುಗಾಳಿಯನ್ನು ರಾಗಿಯವನು ಅಂಜಿಕೆಯಿಂದಲೂ ತೋಟದವನು ಆಸೆಯಿಂದಲೂ ಎದುರು ನೋಡುತ್ತಾರೆ. ಬಹುಸಂಖ್ಯೆಯ ಮನೆಗಳಲ್ಲಿ ಇಬ್ಬರೂ ಒಬ್ಬರೇ. ಈ ಅವಲಂಬನೆಯನ್ನು ಕಡಿಮೆ ಮಾಡಲು ಯಗಚಿಯ ನೀರನ್ನು ಹಳೇಬೀಡು ಭಾಗದ ಕೆರೆಗಳಿಗೆ ಹರಿಸುವ ರಣಘಟ್ಟ ಯೋಜನೆಗಾಗಿ ಆ ಭಾಗದ ರೈತರು ದೀರ್ಘಕಾಲ ಹೋರಾಡಿದರು. ಅರಸೀಕೆರೆ ತಾಲ್ಲೂಕು ಎತ್ತಿನಹೊಳೆ ಯೋಜನೆಯ ಫಲಾನುಭವಿ ಪ್ರದೇಶಗಳಲ್ಲಿ ಒಂದು. ಆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರ್ 6ರಂದು ಸಕಲೇಶಪುರ ತಾಲ್ಲೂಕಿನಲ್ಲಿ ಉದ್ಘಾಟನೆಯಾಯಿತು.

ಮಳೆ ಅಳೆಯುವವರು, ಮಳೆ ಕಾಯುವವರು

ಕಾಫಿ ತೋಟಗಳಲ್ಲಿ ಮಳೆಯ ಲೆಕ್ಕ ಇಡುವ ರೂಢಿ ಬ್ರಿಟಿಷರ ಕಾಲದಿಂದ ಬಂದದ್ದು. ಅಲ್ಲಿ ಇಂದಿಗೂ ಮಳೆಯನ್ನು ಇಂಚು ಮತ್ತು ಸೆಂಟುಗಳಲ್ಲಿ ಹೇಳುತ್ತಾರೆ. ನೂರು ಸೆಂಟಿಗೆ ಒಂದು ಇಂಚು, ಒಂದು ಇಂಚಿಗೆ 25.4 ಮಿ.ಮೀ. ಮುಂಜಾನೆ ಮಾಪಕದ ನೀರನ್ನು ಅಳೆದು ನೋಟುಪುಸ್ತಕದಲ್ಲಿ ಬರೆದಿಟ್ಟ ತಲೆಮಾರುಗಳ ದಾಖಲೆ ಎಷ್ಟೋ ತೋಟದ ಮನೆಗಳಲ್ಲಿದೆ. ಇವುಗಳನ್ನು ಒಟ್ಟುಗೂಡಿಸುವ ಕೆಲಸ ಆಗಬೇಕಾಗಿದೆ. ಸರ್ಕಾರಿ ಅಳತೆ ಬೆಳಿಗ್ಗೆ 8.30ಕ್ಕೆ, ಹಿಂದಿನ 24 ಗಂಟೆಗಳ ಲೆಕ್ಕಕ್ಕೆ. ಆ ಅವಧಿಯಲ್ಲಿ 64.5 ಮಿ.ಮೀ.ಯಿಂದ ಮೇಲೆ ಭಾರಿ ಮಳೆ, 115.6ರಿಂದ ಮೇಲೆ ಅತಿ ಭಾರಿ ಮಳೆ.

1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಆರಂಭವಾದ ಇಂದಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಅಳವಡಿಸಿದೆ. ಅದರ 'ವರುಣ ಮಿತ್ರ' ಸಹಾಯವಾಣಿಗೆ ರೈತರು ದೂರವಾಣಿ ಮಾಡಿ ತಮ್ಮ ಹೋಬಳಿಯ ಮಳೆಯ ಮುನ್ಸೂಚನೆ ಕೇಳಬಹುದು. ಹವಾಮಾನ ಇಲಾಖೆಯ ಕೃಷಿ ಸಲಹೆಗಳು ವಾರಕ್ಕೆರಡು ಬಾರಿ, ಮಂಗಳವಾರ ಮತ್ತು ಶುಕ್ರವಾರ, ಹೊರಬೀಳುತ್ತವೆ. 'ಮೇಘದೂತ್' ಆ್ಯಪ್‌ನಲ್ಲಿ ಅವು ಕನ್ನಡದಲ್ಲೂ ದೊರೆಯುತ್ತವೆ. ಹಾಸನ ಜಿಲ್ಲೆಯ ರೈತರಿಗೆ ಕಂದಲಿಯ ಕೃಷಿ ವಿಜ್ಞಾನ ಕೇಂದ್ರವೂ ಸಲಹೆ ನೀಡುತ್ತದೆ.

ಇವುಗಳ ಜೊತೆಗೆ, ಹವ್ಯಾಸಕ್ಕಾಗಿ ಆಕಾಶ ನೋಡುವವರ ಒಂದು ಗುಂಪು ಎಲ್ಲ ಊರುಗಳಲ್ಲೂ ಬೆಳೆದಿದೆ. ಇವರಲ್ಲಿ ಶಿಕ್ಷಕರು, ಬೆಳೆಗಾರರು, ಅಂಗಡಿಯವರು, ಕಾಲೇಜು ವಿದ್ಯಾರ್ಥಿಗಳು ಇದ್ದಾರೆ. ಕೊಲ್ಲಿಯಲ್ಲಿ ಸುಳಿ ಕಾಣಿಸಿದ ದಿನದಿಂದ ಇವರು ಉಪಗ್ರಹದ ಚಿತ್ರಗಳನ್ನೂ ಅಮೆರಿಕ ಹಾಗೂ ಯುರೋಪಿನ ಮಾದರಿಗಳ ನಕ್ಷೆಗಳನ್ನೂ ಮೊಬೈಲಿನಲ್ಲಿ ಹೋಲಿಸಿ ನೋಡುತ್ತಾರೆ. ಒಂದು ಮಾದರಿ ಪುದುಚೇರಿ ಎನ್ನುತ್ತದೆ, ಇನ್ನೊಂದು ನೆಲ್ಲೂರು ಎನ್ನುತ್ತದೆ. ಮಳೆ ಬೇಕೆನ್ನುವವರು ಮೊದಲನೆಯದನ್ನು ನಂಬುತ್ತಾರೆ. ಹತ್ತು ದಿನ ಮುಂಚಿನ ಒಂದು ನಕ್ಷೆಯನ್ನು ಖಚಿತ ಸುದ್ದಿಯೆಂಬಂತೆ ಹಂಚುವುದು ಈ ಹವ್ಯಾಸದ ದೋಷ. ಅದನ್ನು ನಂಬಿ ಹಸಿ ರಾಗಿಯನ್ನು ಅವಸರದಿಂದ ಕೊಯ್ದವರಿಗೆ ನಷ್ಟವಾಗುತ್ತದೆ. ಅನುಭವಿಗಳು ಐದು ದಿನಕ್ಕಿಂತ ಮುಂದಿನದನ್ನು ಸಾಧ್ಯತೆ ಎಂದು ಮಾತ್ರ ಹೇಳುತ್ತಾರೆ, ಕೊನೆಯ ಎರಡು ದಿನಗಳಲ್ಲಿ ಇಲಾಖೆಯ ಪ್ರಕಟಣೆಯನ್ನೇ ಆಧರಿಸುತ್ತಾರೆ.

ಹಿಮ, ಮಂಜು ಮತ್ತು ಆಲಿಕಲ್ಲು

ಈ ಸೀಮೆಯಲ್ಲಿ ಹಿಮಪಾತವಾಗುವುದಿಲ್ಲ. ಉಷ್ಣವಲಯದಲ್ಲಿ ಗಾಳಿಯ ಉಷ್ಣತೆ ಶೂನ್ಯಕ್ಕೆ ಇಳಿಯುವ ಮಟ್ಟ ಸಮುದ್ರಮಟ್ಟದಿಂದ ಸುಮಾರು 5 ಕಿ.ಮೀ. ಎತ್ತರದಲ್ಲಿದೆ. ಅರಸೀಕೆರೆಯ ಎತ್ತರ ಸುಮಾರು 800 ಮೀ. ಮಾತ್ರ. ಮೋಡದ ಮೇಲ್ಭಾಗದಲ್ಲಿ ಹಿಮದ ಹರಳುಗಳು ಇದ್ದರೂ ಕೆಳಗೆ ಬರುವಷ್ಟರಲ್ಲಿ ಕರಗಿ ಮಳೆಯಾಗುತ್ತವೆ. ಕನ್ನಡದಲ್ಲಿ 'ಮಂಜು' ಎಂಬ ಒಂದೇ ಪದ ಚಳಿಗಾಲದ ಮುಸುಕಿಗೂ ಹಿಮಕ್ಕೂ ಬಳಕೆಯಾಗುವುದರಿಂದ, 'ಬೇಲೂರಿನಲ್ಲಿ ಮಂಜು ಬೀಳುತ್ತದೆ' ಎಂಬ ವಾಕ್ಯವನ್ನು ವಿದ್ಯಾರ್ಥಿಗಳು ತಪ್ಪಾಗಿ ತಿಳಿಯುವ ಸಂಭವವಿದೆ. ಅದು ನೆಲಮಟ್ಟದ ಮೋಡ, ಇಲ್ಲವೇ ಇಬ್ಬನಿ.

ಇಲ್ಲಿ ಆಕಾಶದಿಂದ ಗಟ್ಟಿಯಾಗಿ ಬೀಳುವುದು ಆಲಿಕಲ್ಲು ಒಂದೇ. ಅದು ಚಳಿಗಾಲದ್ದಲ್ಲ, ಮಾರ್ಚ್‌ನಿಂದ ಮೇವರೆಗಿನ ಬೇಸಿಗೆಯ ಗುಡುಗುಮಳೆಯದು. ನೆಲದ ಬಿಸಿಗೆ ವೇಗವಾಗಿ ಮೇಲೇರುವ ಗಾಳಿ ನೀರಿನ ಹನಿಗಳನ್ನು ಘನೀಭವಿಸುವ ಮಟ್ಟದ ಆಚೆಗೆ ಒಯ್ಯುತ್ತದೆ. ಅಲ್ಲಿ ಪದರ ಪದರವಾಗಿ ಬೆಳೆದ ಗಡ್ಡೆಗಳು ದಾರಿಯಲ್ಲಿ ಪೂರ್ತಿ ಕರಗುವಷ್ಟು ಸಮಯ ಸಿಗದೆ ನೆಲಕ್ಕೆ ಬೀಳುತ್ತವೆ. ಜೋರಾಗಿ ಬಿದ್ದಾಗ ತೋಟದ ನೆಲ ಕೆಲವು ನಿಮಿಷ ಬಿಳಿಯಾಗಿ ಕಾಣುವುದುಂಟು. ಮಕ್ಕಳು ಅದನ್ನು ಆಯ್ದು ಬಾಯಿಗೆ ಹಾಕಿಕೊಳ್ಳುತ್ತಾರೆ. ಕಾಫಿಯ ಎಳೆ ಕಾಯಿ, ಮಾವಿನ ಮಿಡಿ, ಬಾಳೆಯ ಎಲೆಗಳಿಗೆ ಅದರಿಂದ ಹಾನಿ.